ಸವಿಟ್ಸ್ಕಸ್‌ಗೆ ನಾಲ್ಕೇ ಪಟ್ಟ, ಪುಡ್ಜಿಯಾನೊವ್‌ಸ್ಕಿಗೆ ಐದು: ಕಪ್ ಎಣಿಸಿದರೆ ಸಾಕಾ?

ಗರಡಿಮನೆ:
ಸ್ಟ್ರಾಂಗ್‌ಮನ್ (ಭಾರ ಎತ್ತಿ, ಹೊತ್ತು, ಎಳೆದು ಬಲ ತೋರಿಸೋ ಆಟ) ವಿಷಯ ಬಂದಾಗೆಲ್ಲ ಒಂದೇ ರಾಗ. ಪೋಲೆಂಡಿನ ಮಾರಿಯುಶ್ ಪುಡ್ಜಿಯಾನೊವ್‌ಸ್ಕಿ ಐದು ಸಲ ‘ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್’ ಅನ್ನೋ ಟಿವಿ ಸ್ಪರ್ಧೆ ಗೆದ್ದಿದ್ದಾರೆ, ಬೇರೆ ಯಾರೂ ಐದು ಮುಟ್ಟಿಲ್ಲ, ಹಾಗಾಗಿ ಅವರೇ ದೊಡ್ಡವರು, ಮಾತು ಮುಗೀತು!

ನನಗೆ ಮುಗಿದಿಲ್ಲ. ಲಿಥುವೇನಿಯಾದ ಜಿಡ್ರೂನಾಸ್ ಸವಿಟ್ಸ್ಕಸ್ ಹೆಸರಿಗಿರೋದು ನಾಲ್ಕು: 2009, 2010, 2012, 2014. ಹುಟ್ಟಿದ್ದು 1975ರ ಜುಲೈನಲ್ಲಿ, ಅಂದರೆ ಈ ನಾಲ್ಕೂ ಬಂದಿದ್ದು 34 ತುಂಬಿದ ಮೇಲೆ. ಅದಕ್ಕೂ ಮುಂಚೆ 2002, 2003, 2004 ಮೂರು ವರ್ಷ ಸತತ ಎರಡನೇ ಸ್ಥಾನ. ನಡುವೆ 2005ರಿಂದ 2008ರವರೆಗೆ, ಒಬ್ಬ ಬಲಶಾಲಿಯ ಮೈಯಲ್ಲಿ ಕಸುವು ಉಕ್ಕೋ ವಯಸ್ಸಿನಲ್ಲಿ, ಆ ಸ್ಪರ್ಧೆಯ ಕಣಕ್ಕೇ ಇಳಿಯಲಿಲ್ಲ. ಗಾಯವಾಗಿತ್ತು ಅಂತಲ್ಲ. ಐಎಫ್‌ಎಸ್‌ಎ ಅನ್ನೋ ಒಕ್ಕೂಟಕ್ಕೂ ಟಿವಿಯವರ ಆ ಸ್ಪರ್ಧೆಗೂ 2004ರ ನಂತರ ಹೊಂದಾಣಿಕೆ ಮುರಿದುಬಿತ್ತು. ಒಕ್ಕೂಟ ತನ್ನದೇ ವಿಶ್ವ ಚಾಂಪಿಯನ್‌ಷಿಪ್ ಶುರು ಮಾಡಿ, ಆಟಗಾರರನ್ನು ಕರಾರಿಗೆ ಹಾಕಿಕೊಂಡಿತು. ಸವಿಟ್ಸ್ಕಸ್ ಆ ಕಡೆ ಹೋದರು. ಉಕ್ರೇನಿನ ವಾಸಿಲ್ ವಿರಾಸ್ಟ್ಯುಕ್ ಕೂಡ ಆ ಕಡೆ. ಪುಡ್ಜಿಯಾನೊವ್‌ಸ್ಕಿ ಈ ಕಡೆ ಉಳಿದರು.

ಈಗ ಐದು ಪಟ್ಟದ ವರ್ಷ ನೋಡಿ: 2002, 2003, 2005, 2007, 2008. ಕೊನೆಯ ಮೂರು ಗೆದ್ದಾಗ ಸವಿಟ್ಸ್ಕಸ್ ಎದುರಲ್ಲಿ ಇರಲೇ ಇಲ್ಲ. 2009ರಲ್ಲಿ ಮಾಲ್ಟಾದ ವಲೆಟ್ಟಾದಲ್ಲಿ ಇಬ್ಬರೂ ಮತ್ತೆ ಇದೇ ಸ್ಪರ್ಧೆಗೆ ಬಂದರು. ಮೊದಲು ಸವಿಟ್ಸ್ಕಸ್, ಎರಡನೆಯವರು ಪುಡ್ಜಿಯಾನೊವ್‌ಸ್ಕಿ, ಮೂರನೆಯವರು ಆಗಿನ್ನೂ ಹೊಸಬರಾಗಿದ್ದ ಅಮೆರಿಕದ ಬ್ರಯಾನ್ ಶಾ.

ಕಪ್ ಎಣಿಸೋರು ಇದನ್ನೂ ಎಣಿಸಿ.

ಐದು_ಪಟ್ಟ:
ಬಂದ್ರು ನೋಡಿ ವಕೀಲರು. ಗುರುಗಳೇ, 2002ರಲ್ಲಿ ಕೌಲಾಲಂಪುರದಲ್ಲಿ ಸವಿಟ್ಸ್ಕಸ್ ಇದ್ದ, ಸೋತ. 2003ರಲ್ಲಿ ಜಾಂಬಿಯಾದಲ್ಲಿ ಇದ್ದ, ಭಾರೀ ಅಂತರದಲ್ಲಿ ಸೋತ. ಎದುರಿಗೆ ಇದ್ದಾಗಲೂ ಮಾರಿಯುಶ್ ಹೊಡೆದಿದ್ದಾನಲ್ಲ, ಆಮೇಲೆ ಇರಲಿಲ್ಲ ಅಂತ ಅತ್ತರೆ? ಒಕ್ಕೂಟದ ಕರಾರಿಗೆ ಸಹಿ ಹಾಕು ಅಂತ ಯಾರೂ ಕೈ ಹಿಡಿದು ಬರೆಸಲಿಲ್ಲ. ಆ ದುಡ್ಡು ಬೇಕಿತ್ತು, ಹೋದ. ಈ ಕಡೆಯ ಪಟ್ಟ ತಪ್ಪಿತು. ಆಯ್ಕೆ ಅವನದು.

ಇನ್ನೊಂದು. ಮಾರಿಯುಶ್ ತೂಕ 140 ಕಿಲೋ ಆಸುಪಾಸು. ಸವಿಟ್ಸ್ಕಸ್ 170 ದಾಟಿದವನು. ಮೂವತ್ತು ಕಿಲೋ ಕಡಿಮೆ ಮೈ ಇಟ್ಕೊಂಡು ಐದು ಗೆಲ್ಲೋದು ತಮಾಷೆನಾ? ಹೊಟ್ಟೆ ಮೇಲೆ ಆರು ಪಟ್ಟಿ ಎಣಿಸಬಹುದಿತ್ತು ಅವನದು.

ಗರಡಿಮನೆ:
2002ಕ್ಕೆ ಮುಂಚಿನ ವರ್ಷ ಏನಾಯ್ತು ಅಂತ ಗೊತ್ತಿದ್ದೇ ಹೇಳ್ತಿದ್ದೀರಾ? 2001ರಲ್ಲಿ ಫಾರೋ ದ್ವೀಪದ ಒಂದು ಸ್ಪರ್ಧೆಯಲ್ಲಿ ಸವಿಟ್ಸ್ಕಸ್ ‘ಕೋನನ್ಸ್ ವೀಲ್’ ಹೊತ್ತಿದ್ದರು. ನೋಡದವರಿಗೆ: ನಡುವೆ ಒಂದು ಗೂಟ, ಅದಕ್ಕೆ ಕೀಲಿಸಿದ ಉದ್ದನೆಯ ಕಬ್ಬಿಣದ ತೋಳು, ತೋಳಿನ ಮೇಲೆ ಭಾರ. ತೋಳಿನ ತುದಿಯನ್ನು ಮೊಣಕೈಯ ಮಡಿಕೆಯಲ್ಲಿ ಎದೆಗೆ ಅಪ್ಪಿಕೊಂಡು ಗಾಣದ ಎತ್ತಿನ ಹಾಗೆ ಸುತ್ತಬೇಕು. ಯಾರು ಹೆಚ್ಚು ಸುತ್ತು ಬರ್ತಾರೋ ಅವರು ಮೇಲು. ಭಾರ ಎದೆಯ ಮೇಲೇ ಕೂರೋದರಿಂದ ಉಸಿರು ಒಳಗೆ ಹೋಗಲ್ಲ, ಕಾಲು ಕಾಣಲ್ಲ. ಅಲ್ಲಿ ಸಮತೋಲ ತಪ್ಪಿತು. ಎರಡೂ ಮಂಡಿಯ ಸ್ನಾಯುರಜ್ಜು ಹರಿದವು. ಒಂದಲ್ಲ, ಎರಡೂ.

ಮರುವರ್ಷವೇ ಕೌಲಾಲಂಪುರದಲ್ಲಿ ಎರಡನೇ ಸ್ಥಾನ. ನೀವು ‘ಸೋತ’ ಅಂತ ಬರೆದಿದ್ದು ಇದನ್ನೇ.

ಡಾ_ಮೂಳೆ:
ಇದು ನನ್ನ ವೃತ್ತಿಯ ವಿಷಯವಾದ್ದರಿಂದ ಮಧ್ಯೆ ಬಾಯಿ ಹಾಕುತ್ತಿದ್ದೇನೆ. ತೊಡೆಯ ಮುಂದಿನ ದೊಡ್ಡ ಸ್ನಾಯು ಮಂಡಿಚಿಪ್ಪನ್ನು ಹಿಡಿದುಕೊಂಡಿರುತ್ತದೆ, ಮಂಡಿಚಿಪ್ಪಿನಿಂದ ಕೆಳಗೆ ಕಾಲಿನ ಮುಂಭಾಗದ ಮೂಳೆಗೆ ಗಟ್ಟಿಯಾದ ಒಂದು ಪಟ್ಟಿ, ಅಂದರೆ ಆ ಸ್ನಾಯುರಜ್ಜು, ಇಳಿಯುತ್ತದೆ. ಕಾಲು ನೆಟ್ಟಗಾಗುವುದು ಆ ಪಟ್ಟಿಯಿಂದ. ಅದು ಹರಿದರೆ ಮಂಡಿಚಿಪ್ಪು ತೊಡೆಯ ಕಡೆಗೆ ಮೇಲಕ್ಕೆ ಸರಿದುಬಿಡುತ್ತದೆ, ಕುಳಿತವರು ಕಾಲು ಎತ್ತಿ ಚಾಚಲಾರರು. ಒಂದು ಕಡೆ ಹರಿದರೆ ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ ಎದ್ದು ನಿಲ್ಲಬಹುದು. ಎರಡೂ ಹರಿದವರು ಶೌಚಕ್ಕೂ ಇನ್ನೊಬ್ಬರ ಹೆಗಲು ಕೇಳಬೇಕು.

ಚಿಕಿತ್ಸೆ ಅಂದರೆ ಮಂಡಿಚಿಪ್ಪಿನಲ್ಲಿ ಸಣ್ಣ ರಂಧ್ರ ಕೊರೆದು, ಗಟ್ಟಿ ದಾರದಿಂದ ಪಟ್ಟಿಯನ್ನು ಮತ್ತೆ ಎಳೆದು ಕಟ್ಟುವುದು. ಆಮೇಲೆ ವಾರಗಟ್ಟಲೆ ಕಾಲು ಮಡಚದಂತೆ ಪಟ್ಟಿ ಹಾಕಿರುತ್ತೇವೆ. ಅಷ್ಟರಲ್ಲಿ ತೊಡೆ ಅರ್ಧ ಕರಗಿರುತ್ತದೆ. ಮೆಟ್ಟಿಲು ಹತ್ತುವಷ್ಟಾದರೆ ರೋಗಿಗೂ ಖುಷಿ, ನಮಗೂ ಖುಷಿ. ಸಾಮಾನ್ಯ ಆಟಗಾರ ಮತ್ತೆ ಮೈದಾನಕ್ಕೆ ಬರಲು ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಆ ಮಂಡಿಗಳ ಮೇಲೆ ಮತ್ತೆ ನಾನೂರು ಕಿಲೋ ಹೇರುವುದಕ್ಕೆ ನಾನಾಗಿದ್ದರೆ ಒಪ್ಪಿಗೆ ಕೊಡುತ್ತಿರಲಿಲ್ಲ. ಅವರು ನನ್ನಂಥವರ ಮಾತು ಕೇಳಲಿಲ್ಲ ಎಂಬುದು ಸ್ಪಷ್ಟ.

ಕುಡ್ಲದ_ಹುಡುಗ:
ಎಂಥ ಮಾರಾಯ್ರೆ, ಓದುವಾಗಲೇ ನನ್ನ ಮಂಡಿ ನೋಯ್ತಾ ಉಂಟು. ಒಂದು ಸಂಶಯ. ಇವರೆಲ್ಲ ಔಷಧಿ ತಗೊಂಡು ಎತ್ತುವುದಲ್ವಾ? ಹಾಗಾದ್ರೆ ಯಾರು ದೊಡ್ಡವರು ಅಂತ ಚರ್ಚೆ ಮಾಡಿ ಏನು ಪ್ರಯೋಜನ?

ಗರಡಿಮನೆ:
ಕೇಳಬೇಕಾದ ಪ್ರಶ್ನೆಯೇ. ಒಲಿಂಪಿಕ್ ಕ್ರೀಡೆಗಳ ಹಾಗೆ ವರ್ಷವಿಡೀ ಮನೆ ಬಾಗಿಲಿಗೆ ಬಂದು ಪರೀಕ್ಷೆ ಮಾಡೋ ವ್ಯವಸ್ಥೆ ಈ ಆಟದಲ್ಲಿ ಇಲ್ಲ. ಯಾರ ಪರವಾಗಿಯೂ ನಾನು ಪ್ರಮಾಣ ಮಾಡೋಕೆ ಹೋಗಲ್ಲ. ಆದರೆ ಎಲ್ಲರೂ ಒಂದೇ ಅಂಗಳದಲ್ಲಿ ನಿಂತಿರುವಾಗ ಅವರೊಳಗೆ ಯಾರು ಮೇಲು ಅಂತ ಕೇಳಬಹುದಲ್ಲ? ನನ್ನ ವಾದ ಅಷ್ಟಕ್ಕೇ.

ಅಪಾಯ ಬೇಕಾದರೆ ಮಾತಾಡೋಣ. ನಾಲ್ಕು ಸಲ ಗೆದ್ದ ಐಸ್‌ಲೆಂಡಿನ ಯೋನ್ ಪೌಲ್ ಸಿಗ್ಮಾರ್ಸನ್ 1993ರ ಜನವರಿಯಲ್ಲಿ ಜಿಮ್‌ನಲ್ಲಿ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ತೊಡೆಯವರೆಗೆ ಎತ್ತಿ ನಿಲ್ಲೋದು) ಮಾಡ್ತಿದ್ದಾಗಲೇ ಕುಸಿದು ತೀರಿಕೊಂಡರು, 32 ವಯಸ್ಸು. 2005ರಲ್ಲಿ ಪುಡ್ಜಿಯಾನೊವ್‌ಸ್ಕಿ ನಂತರ ಎರಡನೆಯವರಾಗಿದ್ದ ಜೆಸ್ಸಿ ಮರುಂಡಿ 2007ರಲ್ಲಿ ಹೋದರು, 27. ಮೈಕ್ ಜೆಂಕಿನ್ಸ್ 2012ರಲ್ಲಿ ‘ಆರ್ನಾಲ್ಡ್’ ಅನ್ನೋ ಇನ್ನೊಂದು ದೊಡ್ಡ ಸ್ಪರ್ಧೆ ಗೆದ್ದರು, 2013ರಲ್ಲಿ ತೀರಿಕೊಂಡರು, 31. ಈ ಪಟ್ಟಿ ಮುಂದೆ ಇಟ್ಕೊಂಡು ನೋಡಿದಾಗ ಇಪ್ಪತ್ತು ವರ್ಷ ಕಣದಲ್ಲಿ ಉಳಿದವರ ಬಗ್ಗೆ ನನಗೆ ಗೌರವ ಜಾಸ್ತಿಯಾಗುತ್ತೆ.

ಓಹಾಯೋ_ರಾಯರು:
ಆರ್ನಾಲ್ಡ್ ಬಗ್ಗೆ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲವಲ್ಲ! ನಾನಿರೋದು ಅಮೆರಿಕದ ಕೊಲಂಬಸ್‌ನಲ್ಲೇ. ಮಾರ್ಚ್ ಮೊದಲ ವಾರ ಬಂತೆಂದರೆ ಊರಿನ ಹೋಟೆಲ್ ಎಲ್ಲ ಭರ್ತಿ, ರಸ್ತೆಯಲ್ಲಿ ಕತ್ತೇ ಇಲ್ಲದ ಜನ. ಆರ್ನಾಲ್ಡ್ ಸ್ಟ್ರಾಂಗ್‌ಮನ್ ಕ್ಲಾಸಿಕ್ 2002ರಲ್ಲಿ ಇಲ್ಲಿ ಶುರುವಾಯಿತು. ಮೊದಲ ವರ್ಷ ಗೆದ್ದಿದ್ದು ಕುಸ್ತಿ ಟಿವಿಯಲ್ಲಿ ನೀವೆಲ್ಲ ನೋಡಿರೋ ಮಾರ್ಕ್ ಹೆನ್ರಿ, ಬಹುಮಾನಕ್ಕೆ ಹಮ್ಮರ್ ಗಾಡಿ ಕೊಟ್ಟರು. 2003ರಿಂದ 2008ರವರೆಗೆ ಆರು ವರ್ಷ ಸತತವಾಗಿ ಒಬ್ಬನೇ ಗೆದ್ದ: ಸವಿಟ್ಸ್ಕಸ್. ಆಮೇಲೆ 2014, 2016. ಒಟ್ಟು ಎಂಟು. ಇಲ್ಲಿ ಅಷ್ಟು ಗೆದ್ದವರು ಇನ್ನೊಬ್ಬರಿಲ್ಲ.

ಎರಡೂ ಸ್ಪರ್ಧೆಯ ಸ್ವಭಾವ ಬೇರೆ, ಇದು ತಿಳಿಯದೆ ಐದು ನಾಲ್ಕು ಅಂತ ಕಿತ್ತಾಡೋದು ದಂಡ. ಟಿವಿಯವರದು ಬಿಸಿಲಿನ ಊರು, ಸಮುದ್ರ ದಂಡೆ, ಲಾರಿ ಎಳೆಯೋದು, ಸೂಟ್‌ಕೇಸ್ ಹಿಡಿದ ಹಾಗೆ ಎರಡು ಕೈಯಲ್ಲಿ ಭಾರ ಹಿಡಿದು ಓಡೋದು. ಕಾಲು ಚುರುಕಿರಬೇಕು, ದಮ್ಮು ಇರಬೇಕು. ಅದು ಪುಡ್ಜಿಯಾನೊವ್‌ಸ್ಕಿ ಆಟ. ಕೊಲಂಬಸ್‌ನದು ಬರೀ ಭಾರ. ಈ ಸ್ಪರ್ಧೆ ರೂಪಿಸಿದ ಟೆರ್ರಿ ಟಾಡ್, ಜಾನ್ ಟಾಡ್ ದಂಪತಿ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಬಲಪ್ರದರ್ಶನದ ಇತಿಹಾಸವನ್ನೇ ಓದಿ ಬರೆದವರು. ಹಳೇ ಕಾಲದ ಭಾರಗಳನ್ನೇ ಹುಡುಕಿ ತಂದು ಹುಡುಗರ ಮುಂದಿಟ್ಟರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ‘ಅಪೊಲಾನ್’ ಅಂತ ಹೆಸರಾಗಿದ್ದ ಲೂಯಿ ಊನಿ ಎತ್ತುತ್ತಿದ್ದ ರೈಲು ಗಾಲಿಗಳ ಅಚ್ಚು, 166 ಕಿಲೋ, ಅದರ ಮಾದರಿ ಒಂದು. ತೂಕ ನೋಡಿ ನಗಬೇಡಿ. ಸರಳು ಎಷ್ಟು ದಪ್ಪ ಅಂದರೆ ಬೆರಳು ಸುತ್ತ ಬರಲ್ಲ. ಇನ್ನೊಂದು, ಹಳೇ ಕೊಟ್ಟಿಗೆಯ ತೊಲೆಗಳನ್ನು ಚೌಕಟ್ಟು ಮಾಡಿ ನಾನೂರು ಕಿಲೋ ಹತ್ತಿರ ಭಾರ, ಒಳಗೆ ನಿಂತು ಎತ್ತಿ ಇಳಿಜಾರು ಹತ್ತಬೇಕು, ಕೈಗೆ ಪಟ್ಟಿ ಕಟ್ಟಿಕೊಳ್ಳೋ ಹಾಗಿಲ್ಲ.

ಆ ತೊಲೆ ಹೊತ್ತು ಹತ್ತೋದನ್ನ ಹತ್ತಿರದಿಂದ ನೋಡಿದ್ದೇನೆ. ಟಿವಿಯಲ್ಲಿ ಕಾಣದ್ದು ಏನೆಂದರೆ, ಅವರ ಮುಖದಲ್ಲಿ ಕೋಪ ಇರಲ್ಲ. ಕೈಯ ಚರ್ಮ ಸರಿದು ಬೆರಳು ಒಂದೊಂದಾಗಿ ಬಿಚ್ಚಿಕೊಳ್ತಾ ಇರುತ್ತೆ, ಅವರು ಎರಡು ಗೇಣಿನಷ್ಟು ಸಣ್ಣ ಹೆಜ್ಜೆ ಇಟ್ಟುಕೊಂಡು ಹೋಗ್ತಾನೇ ಇರ್ತಾರೆ.

ಜಾತ್ರಿಗುಂಡು:
ರಾಯರ, ಭಾಳ ಚಂದ ಬರದ್ರಿ. ನಮ್ಮ ವಿಜಯಪುರ, ಬಾಗಲಕೋಟಿ ಕಡೆ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತೂದು, ಗುಂಡ ಎತ್ತೂದು ಅದಾವಲ್ರಿ, ಅವನ್ನ ನೋಡಿದವರಿಗಿ ಈ ಅಟ್ಲಾಸ್ ಸ್ಟೋನ್ ಏನ್ ಹೊಸಾದಲ್ಲ. ಅವರದು ಕಾಂಕ್ರೀಟಿನ ದುಂಡ ಗುಂಡು, ಕೈಗಿ ರಾಳದ ಅಂಟ ಹಚ್ಕೊಂಡ ಎತ್ತಿ ಕಟ್ಟಿ ಮ್ಯಾಲ ಇಡತಾರ. ನಮ್ಮವರದು ಬರೇ ಕೈ, ಮಣ್ಣ ಹಚ್ಚಿ ಮೊಣಕಾಲ ಮ್ಯಾಲ ತಗೊಂಡು, ಎದಿಗಿ ತಂದು, ಹೆಗಲ ಮ್ಯಾಲಿಂದ ಹಿಂದಕ್ಕ ಒಗಿಯೂದು. ಗೆದ್ದಾಂವಗ ಬೆಳ್ಳಿ ಕಡೇ, ಹಲಗಿ ಬಡಕೋಂತ ಊರ ತುಂಬ ಮೆರವಣಿಗಿ.

ಆದ್ರ ನಾ ಕೇಳೂದು ಬ್ಯಾರೆ ಐತಿ. ನಮ್ಮ ಹುಡುಗೂರು ಮರುದಿನ ಮುಂಜಾನೆ ಹೊಲಕ್ಕ ಹೋಗತಾರ. ಇವರು ವರ್ಷಾನಗಂಟ್ಲೆ ಇದನ್ನ ಕಸಬು ಮಾಡ್ಕೊಂಡ ಕುಂತಾರಂದ್ರ ಹೊಟ್ಟಿಗಿ ಯಾರ ಹಾಕತಾರ್ರೀ? ಆ ಒಕ್ಕೂಟದಾಗ ಹೋದದ್ದಕ್ಕ ಬೈಯೂದು ಸಸಾರ. ಪಗಾರ ಕೊಡ್ತೀನಿ ಅಂದ್ರ ನಾನೂ ಹೋಗ್ತಿದ್ನಿ.

ಗರಡಿಮನೆ:
ಜಾತ್ರಿಗುಂಡು ಅಣ್ಣ, ಇಡೀ ಚರ್ಚೆಯ ಗಂಟು ಅಲ್ಲೇ ಇರೋದು. ವರ್ಷಕ್ಕೊಂದು ದೊಡ್ಡ ಸ್ಪರ್ಧೆ, ಬಹುಮಾನ ಗೆದ್ದರೆ ಉಂಟು. ನಡುವಿನ ಹನ್ನೊಂದು ತಿಂಗಳು ಕೋಳಿ, ಮೊಟ್ಟೆ, ಅಕ್ಕಿ, ಬೆನ್ನು ತಿಕ್ಕುವವನ ಕೂಲಿ, ವಿಮಾನದ ಟಿಕೆಟ್ಟು ಎಲ್ಲ ಕೈಯಿಂದ. ಹೂಡಿಕೆದಾರರನ್ನು ಕಟ್ಟಿಕೊಂಡು ಬಂದ ಒಕ್ಕೂಟ ಕರಾರು ಮುಂದಿಟ್ಟಾಗ ಆ ಕಾಲದ ದೊಡ್ಡ ದೊಡ್ಡ ಹೆಸರುಗಳೇ ಅತ್ತ ಹೋದವು. ಸವಿಟ್ಸ್ಕಸ್ ಅಲ್ಲಿ 2005, 2006 ಎರಡು ವರ್ಷ ವಿಶ್ವ ಚಾಂಪಿಯನ್. 2007ರಲ್ಲಿ ವಿರಾಸ್ಟ್ಯುಕ್ ಗೆದ್ದರು. ಆಮೇಲೆ ಹಣ ಹಾಕಿದವರು ಕೈಯೆತ್ತಿದರು, ಒಕ್ಕೂಟ ಮುಳುಗಿತು, ಹುಡುಗರು ಮತ್ತೆ ಬೀದಿಗೆ. ಯುರೋಪಿನಲ್ಲಿ 2008ರಲ್ಲಿ ಚಾಂಪಿಯನ್ಸ್ ಲೀಗ್ ಅಂತ ಇನ್ನೊಂದು ಶುರುವಾಗಿದ್ದು ಈ ಖಾಲಿ ಜಾಗ ತುಂಬೋಕೆ.

ಪುಡ್ಜಿಯಾನೊವ್‌ಸ್ಕಿ ಬುದ್ಧಿವಂತಿಕೆ ನಾನು ಒಪ್ಪುತ್ತೇನೆ. 2008ರಲ್ಲಿ ಪೋಲೆಂಡಿನ ಟಿವಿ ಡ್ಯಾನ್ಸ್ ಷೋದಲ್ಲಿ ಕುಣಿದು ಎರಡನೆಯವರಾದರು. 2009ರಲ್ಲಿ ಮಾಲ್ಟಾದಲ್ಲಿ ಸೋತ ಮೇಲೆ ಅದೇ ಡಿಸೆಂಬರ್‌ನಲ್ಲಿ ಎಂಎಂಎ (ಹೊಡೆತ, ಕುಸ್ತಿ ಎಲ್ಲ ಬೆರೆತ ಕಾಳಗ) ಅಖಾಡಕ್ಕೆ ಇಳಿದರು, ಮೊದಲ ಕಾಳಗ ಒಂದು ನಿಮಿಷವೂ ಹಿಡಿಯಲಿಲ್ಲ. ಹೆಸರನ್ನು ಹೇಗೆ ದುಡಿಸಿಕೊಳ್ಳಬೇಕು ಅಂತ ಅವರಿಗೆ ಗೊತ್ತಿತ್ತು. ಸವಿಟ್ಸ್ಕಸ್‌ಗೆ ಭಾರ ಎತ್ತೋದು ಬಿಟ್ಟು ಬೇರೆ ಚಪಲ ಇದ್ದ ಹಾಗೆ ಕಾಣಲ್ಲ.

ಐದು_ಪಟ್ಟ:
ಅಂದರೆ ಡ್ಯಾನ್ಸ್ ಮಾಡಿದ್ದು ತಪ್ಪಾ ಸ್ವಾಮಿ 😀 2010 ಮಾತಾಡಿ ಈಗ. ಸೌತ್ ಆಫ್ರಿಕಾದಲ್ಲಿ ಶಾ ಮತ್ತು ಸವಿಟ್ಸ್ಕಸ್ ಅಂಕ ಸಮ ಸಮ. ಯಾರಿಗೆ ಎಷ್ಟು ಮೇಲಿನ ಸ್ಥಾನ ಬಂದಿದೆ ಅಂತ ಹಿಂದಕ್ಕೆ ಎಣಿಸಿ ಪಟ್ಟ ಕೊಟ್ಟರು. 2014ರಲ್ಲಿ ಐಸ್‌ಲೆಂಡಿನ ಹಾಫ್ಥೋರ್ ಮೇಲೆ ಅರ್ಧ ಅಂಕದ ಗೆಲುವು. ನಾಲ್ಕರಲ್ಲಿ ಎರಡು ಕೂದಲೆಳೆಯದು. ಮಾರಿಯುಶ್ 2003ರಲ್ಲಿ ಗೆದ್ದ ಹಾಗೆ ಒಂದಾದರೂ ಇದೆಯಾ?

ಸುಮಾ_ಪವರ್‌ಲಿಫ್ಟರ್:
ಅರ್ಧ ಅಂಕ ಅಂತ ಹಗುರವಾಗಿ ಹೇಳಬೇಡಿ, ಎದುರಿಗಿದ್ದವರು ಯಾರು ನೋಡಿ. ಹಾಫ್ಥೋರ್ ಬ್ಯೋರ್ನ್‌ಸನ್ ಹುಟ್ಟಿದ್ದು 1988ರಲ್ಲಿ. 2014ರಲ್ಲಿ ಸವಿಟ್ಸ್ಕಸ್ ವಯಸ್ಸು 38. ಹದಿಮೂರು ವರ್ಷ ಚಿಕ್ಕವನು, ಮೇಲಾಗಿ 206 ಸೆಂಟಿಮೀಟರ್ ಎತ್ತರ, ಮುಂದೆ 2020ರಲ್ಲಿ 501 ಕಿಲೋ ಡೆಡ್‌ಲಿಫ್ಟ್ ಮಾಡಿದ ಮನುಷ್ಯ. ಅವನ ಮುಂದೆ ಈ ವಯಸ್ಸಲ್ಲಿ ಅರ್ಧ ಅಂಕ ಸಾಕು.

ನನಗೆ ಸವಿಟ್ಸ್ಕಸ್ ಅಂದರೆ ಲಾಗ್, ದಿಮ್ಮಿಯಂಥ ಭಾರವನ್ನು ತಲೆ ಮೇಲಕ್ಕೆ ಎತ್ತೋದು. ಉಳಿದದ್ದೆಲ್ಲ ಆಮೇಲೆ. ನಮ್ಮ ಜಿಮ್‌ನಲ್ಲಿ ಒಬ್ಬರು ಕೊಳವೆ ಬೆಸುಗೆ ಹಾಕಿಸಿ ಕಬ್ಬಿಣದ ಲಾಗ್ ಮಾಡಿಸಿದ್ದಾರೆ, ಎತ್ತೋಕೆ ಹೋದಾಗ ಗೊತ್ತಾಯ್ತು ಬಾರ್‌ಬೆಲ್ ಎಷ್ಟು ಕರುಣಾಮಯಿ ಅಂತ. ಹಿಡಿಕೆ ಲಾಗ್ ಒಳಗೆ ಇರುತ್ತೆ, ಅಂಗೈ ಒಂದಕ್ಕೊಂದು ಎದುರಾಗಿ. ನೆಲದಿಂದ ಮೊದಲು ತೊಡೆಗೆ ತರಬೇಕು, ಅರ್ಧ ಕೂತ ಹಾಗೆ ನಿಂತು ಹೊಟ್ಟೆ ಮೇಲೆ ಉರುಳಿಸಿ ಎದೆಗೆ ಏರಿಸಬೇಕು. ದಪ್ಪ ಇರೋದರಿಂದ ಎದೆ ಮೇಲೆ ಕೂತಾಗಲೂ ಭಾರ ದೇಹದಿಂದ ಮುಂದೆಯೇ ಇರುತ್ತೆ, ಸೊಂಟ ಹಿಂದಕ್ಕೆ ಬಾಗಿಸಿ ಆಸರೆ ಕೊಡಬೇಕು. ಅಲ್ಲಿಂದ ಮೇಲಕ್ಕೆ ಹೋಗುವಾಗ ಬಹುತೇಕರು ಮಂಡಿ ಬಗ್ಗಿಸಿ ಕಾಲಿನ ಬಲದಿಂದ ಚಿಮ್ಮಿಸ್ತಾರೆ. ಸವಿಟ್ಸ್ಕಸ್ ಕಾಲು ತುಂಬ ಕಡಿಮೆ ಬಳಸ್ತಾರೆ. ನಿಧಾನವಾಗಿ, ಹೆಗಲಿನಿಂದಲೇ ತಳ್ಳಿಕೊಂಡು ಹೋಗೋದು. 2015ರಲ್ಲಿ 228 ಕಿಲೋ ಎತ್ತಿದ್ದು ಹಾಗೆ, 40ರ ಹೊಸ್ತಿಲಲ್ಲಿ. ಆ ದಾಖಲೆ ಮುರಿಯೋಕೆ 2021ರವರೆಗೆ ಕಾಯಬೇಕಾಯ್ತು, ಗ್ಲಾಸ್ಗೋದಲ್ಲಿ ಬುರ್ಕಿನಾ ಫಾಸೋದ ಐರನ್ ಬಿಬಿ 229 ಎತ್ತಿದರು. ಒಂದೇ ಒಂದು ಕಿಲೋ ಜಾಸ್ತಿ.

ಡಾ_ಮೂಳೆ ಸರ್, ಕಾಲು ಕಡಿಮೆ ಬಳಸೋದಕ್ಕೂ 2001ರ ಮಂಡಿಗೂ ಸಂಬಂಧ ಇರಬಹುದಾ?

ಡಾ_ಮೂಳೆ:
ರೋಗಿಯನ್ನು ನೋಡದೆ ಹೇಳುವುದು ತಪ್ಪಾಗುತ್ತದೆ ಮೇಡಂ. ಅದೇ ಮಂಡಿಗಳಲ್ಲಿ ಅವರು ನೂರಾರು ಕಿಲೋ ಸ್ಕ್ವಾಟ್ ಮಾಡಿದ್ದನ್ನು ನೋಡಿದರೆ, ಹೆದರಿ ಕಾಲು ಬಿಟ್ಟವರಂತೆ ಕಾಣುವುದಿಲ್ಲ. ಹೆಗಲೇ ಅಷ್ಟು ಗಟ್ಟಿಯಿರಬೇಕು.

ಕುಡ್ಲದ_ಹುಡುಗ:
ಸುಮಾ ಅಕ್ಕ, ನಾಳೆಯೇ ನಮ್ಮ ಜಿಮ್ಮಲ್ಲಿ ಲಾಗ್ ಕೇಳ್ತೇನೆ. ಬೈದು ಓಡಿಸ್ತಾರೆ, ಗೊತ್ತುಂಟು.

ಸುಮಾ_ಪವರ್‌ಲಿಫ್ಟರ್:
ಕೇಳಿ, ಆದರೆ ಖಾಲಿ ಲಾಗ್‌ನಿಂದ ಶುರು ಮಾಡಿ. ಹೊಟ್ಟೆ ಮೇಲೆ ಉರುಳಿಸೋದು ಕಲಿಯದೆ ತೂಕ ಹಾಕಿದರೆ ಗಲ್ಲ ಒಡೆಯುತ್ತೆ. ತಲೆ ಹಿಂದಕ್ಕೆ ಹಾಕೋದು ಮರೆಯಬೇಡಿ.

ಓಹಾಯೋ_ರಾಯರು:
ಐದು_ಪಟ್ಟ ಅವರಿಗೆ ಒಂದು ಲೆಕ್ಕ ಕೊಡ್ತೇನೆ. ‘ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್’ನಲ್ಲಿ ಸವಿಟ್ಸ್ಕಸ್‌ಗೆ ನಾಲ್ಕು ಮೊದಲ ಸ್ಥಾನ, ಆರು ಎರಡನೇ ಸ್ಥಾನ: 2002, 2003, 2004, 2011, 2013, 2015. 2002ರಿಂದ 2015ರವರೆಗೆ ಅವರು ಆ ಕಣದಲ್ಲಿ ಇದ್ದ ಹತ್ತು ವರ್ಷ ಮೊದಲ ಎರಡು ಸ್ಥಾನದಿಂದ ಕೆಳಗೆ ಇಳಿದೇ ಇಲ್ಲ. ಮೊದಲು ಪುಡ್ಜಿಯಾನೊವ್‌ಸ್ಕಿ ಎದುರು, ಆಮೇಲೆ ಶಾ ಎದುರು, ಕೊನೆಗೆ ಹಾಫ್ಥೋರ್ ಎದುರು. ಮೂರು ತಲೆಮಾರು. ನಿಮ್ಮ ಮಾರಿಯುಶ್ 31ಕ್ಕೆ ಕೊನೆಯ ಪಟ್ಟ ಗೆದ್ದು, ಮರುವರ್ಷ ಸೋತು, ಇನ್ನೊಂದು ಆಟಕ್ಕೆ ಹೋದರು. ತಪ್ಪು ಅಂತಲ್ಲ. ಆದರೆ ಶಾ, ಹಾಫ್ಥೋರ್ ಬೆಳೆದು ನಿಂತ ಕಾಲದ ಪರೀಕ್ಷೆಗೆ ಅವರು ಕೂರಲಿಲ್ಲ.

ಐದು_ಪಟ್ಟ:
ಹತ್ತರಲ್ಲಿ ಆರು ಸಲ ಎರಡನೆಯವನು ಅಂತ ನಾನು ಓದ್ಕೊಳ್ತೀನಿ 😀

ಸರಿ, ಆರ್ನಾಲ್ಡ್ ಎಂಟನ್ನ ಒಪ್ಪಿದೆ. ಬರೀ ಬಲ ಅಂದರೆ ಸವಿಟ್ಸ್ಕಸ್ ಇರಲಿ. ಬಲ, ಓಟ, ದಮ್ಮು ಮೂರೂ ಸೇರಿಸಿ ಕೇಳಿದರೆ ನನ್ನ ಮತ ಮಾರಿಯುಶ್‌ಗೇ. 2004ರಲ್ಲಿ ಮೂರನೆಯವನಾಗಿ, ಆಮೇಲೆ ಅನರ್ಹವೂ ಆದ, ಅದನ್ನ ಬಿಡಿ. 2006ರಲ್ಲಿ ಆ ಅಗ್ನಿಶಾಮಕದ ಫಿಲ್ ಫಿಸ್ಟರ್ ಕೊನೆಯಲ್ಲಿ ಬಂದು ಕಿತ್ಕೊಳ್ಳದೇ ಇದ್ದಿದ್ರೆ ಆರು ಆಗ್ತಿತ್ತು.

ಗರಡಿಮನೆ:
‘ಇದ್ದಿದ್ರೆ’ ಅನ್ನೋ ಲೆಕ್ಕ ನಿಮಗೂ ಬಂತಲ್ಲ, ನಾನು ಮೊದಲ ಪೋಸ್ಟಿನಿಂದ ಅದನ್ನೇ ಹೇಳ್ತಿದ್ದೀನಿ. ಆ 2004ರ ಪಟ್ಟ ಗೆದ್ದಿದ್ದು ವಿರಾಸ್ಟ್ಯುಕ್. ಅವರು ಈಗ ಉಕ್ರೇನಿನ ಸಂಸತ್ತಿಗೆ ಆರಿಸಿ ಬಂದವರು, 2021ರ ಉಪಚುನಾವಣೆಯಲ್ಲಿ. ಎರಡೂ ಬಣದ ವಿಶ್ವ ಪಟ್ಟವನ್ನು ಮೊದಲು ಗೆದ್ದಿದ್ದು ಆ ಮನುಷ್ಯ, ಎರಡನೆಯವರು ಸವಿಟ್ಸ್ಕಸ್. ವಿರಾಸ್ಟ್ಯುಕ್ ಬಗ್ಗೆ ಯಾರೂ ಒಂದು ಸಾಲು ಬರೆಯಲ್ಲ.

ಜಾತ್ರಿಗುಂಡು:
ಬರೀರಿ ಮತ್ತ, ವಿರಾಸ್ಟ್ಯುಕ್ ಮ್ಯಾಲ ಒಂದ್ ಬ್ಯಾರೇನ ಚರ್ಚಾ ತಗೀರಿ. ಆದ್ರ ಮೊದಲ ನನಗ ಇದನ್ನ ಹೇಳ್ರಿ: ಆ ರೈಲ ಗಾಲಿ ಅಚ್ಚ ಐತಲ್ಲ, ಅದನ್ನ ಹಿಡಿಯೂದ ಹ್ಯಾಂಗ? ಎರಡೂ ಕೈ ಮ್ಯಾಲಿಂದನೋ, ಒಂದ ಮ್ಯಾಲ ಒಂದ ಕೆಳಗೋ? ನಮ್ಮೂರ ಹುಡುಗೂರಿಗಿ ಹೇಳಬೇಕಾಗೇತಿ, ಗಿರಣಿಯಾಗ ಒಂದ ಹಳೇ ಅಚ್ಚ ಬಿದ್ದೈತಿ.

ಓಹಾಯೋ_ರಾಯರು:
ಎರಡು ಥರವೂ ಉಂಟು ಅಣ್ಣ. ಒಂದು ಕೈ ಮೇಲಿಂದ ಒಂದು ಕೆಳಗಿಂದ ಹಿಡಿದು ಹೊಟ್ಟೆಯವರೆಗೆ ತಂದು, ಅಲ್ಲಿ ಆಸರೆ ಕೊಟ್ಟು ಕೆಳಗಿನ ಕೈ ತಿರುಗಿಸಿಕೊಳ್ಳೋರು ಹೆಚ್ಚು. ಆದರೆ ಹಾಗೆ ಎಳೆದಾಗ ಕೆಳಗಿನಿಂದ ಹಿಡಿದ ಕೈಯ ತೋಳಿನ ಸ್ನಾಯು ಹರಿಯೋ ಅಪಾಯ ಇದೆ, ಹುಡುಗರಿಗೆ ಅದನ್ನ ಮೊದಲು ಹೇಳಿ. ಅಚ್ಚಿನ ಗ್ರೀಸ್ ಒರೆಸಿಕೊಳ್ಳೋಕೂ ಹೇಳಿ.